ನಾನು ಬೀಸಿಸಿದ ಸಾರಿನ ಪುಡಿ

ಸಾರಿನ ಪುಡಿ ಬೀಸಿಸಿಕೊಂಡು ಬರುವುದೂ ಒಂದು ಕೆಲಸವೇ? ಧನಿಯಾ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಮೆಂತ್ಯ ಎಲ್ಲವನ್ನೂ ಹೆಂಡತಿ ಶಶಿಕಲಾ ಹದವಾಗಿ ಹುರಿದು ಡಬ್ಬಿಗೆ ತುಂಬಿದ್ದಳು. ವಿಜಯನಗರದ ಗಿರಣಿಗೆ ಹೋಗಿ ಬರುವುದಷ್ಟೇ ನನ್ನ ಪಾಲಿನ ಮಹತ್ಕಾರ್ಯ.

"ರೀ, ಮುಂದಿನೋರು ಏನು ಬೀಸಿಸ್ತಿದಾರೆ ಅಂತ ನೋಡ್ಕೊಂಡು ಡಬ್ಬಿ ಇಡಿ. ನಾಳೆ ದಾವಣಗೆರೆಯಿಂದ ಹುಡುಗನ ಕಡೆಯೋರು ಊಟಕ್ಕೆ ಬರ್ತಾರೆ. ಸಾರು ಕೆಟ್ರೆ ಮಗಳ ಸಂಬಂಧಕ್ಕೇ ಕಲ್ಲು ಬೀಳುತ್ತೆ!"

"ನನಗೇ ಹೇಳ್ಕೊಡ್ತೀಯಾ?" ಎಂದು ಹೊರಟೆ.

ಗಿರಣಿಯಲ್ಲಿ ಖಾರದ ಪುಡಿಯವರ ಸಾಲು ಬೀದಿಗೆ ಬಂದಿತ್ತು. ಪಕ್ಕದ ಮಿಷನ್ ಮುಂದೆ ಮಾತ್ರ ಒಬ್ಬರೇ ಅಜ್ಜಿ, ಸೀಗೆಕಾಯಿ ಚೀಲ ಹಿಡಿದು ನಿಂತಿದ್ದರು. ಅವರ ಹಿಂದೆ ನರಪಿಳ್ಳೆಯಿಲ್ಲ! ಇಷ್ಟು ಜನರಲ್ಲಿ ಬುದ್ಧಿವಂತ ನಾನೊಬ್ಬನೇ ಎಂದು ಖಾತ್ರಿಯಾಗಿ, ಅಲ್ಲಿ ಡಬ್ಬಿ ಇಟ್ಟೆ.

"ಏನಪ್ಪಾ, ತಲೆಗಾ?" ಅಜ್ಜಿ ಕೇಳಿದರು.

"ಇಲ್ಲಜ್ಜಿ, ಸಾರಿಗೆ."

"ಅಯ್ಯೋ ಶಿವನೇ! ಮಧ್ಯ ಒಂದಿಷ್ಟು ಅಕ್ಕಿ ಬೀಸಿಸಿ, ಮಿಷನ್ ಕ್ಲೀನ್ ಮಾಡಿಸ್ಕೋ."

ಅಕ್ಕಿ ತರಲು ಯಾರು ಮನೆಗೆ ಹೋಗುತ್ತಾರೆ? "ಪರ್ವಾಗಿಲ್ಲ, ಹಾಕಿ ಅಣ್ಣ" ಎಂದು ಗಿರಣಿಯವನಿಗೆ ಅಪ್ಪಣೆ ಕೊಟ್ಟೆ.

ಮರುದಿನ ಸಾರು ಕುದಿಯಿತು. "ನೋಡ್ರೀ, ಎಷ್ಟು ಚೆನ್ನಾಗಿ ನೊರೆ ಬಂತು!" ಎಂದು ಶಶಿಕಲಾ ಹಿಗ್ಗಿದಳು. ನೊರೆ ಬಂದಾಗ ಒಲೆ ಆರಿಸಬೇಕಲ್ಲ, ಆರಿಸಿದಳು. ನೊರೆ ಬರುತ್ತಲೇ ಇತ್ತು! ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಮೊದಲು ಸಿಕ್ಕಿಬಿದ್ದವನು ದೇವರು. ಪಾಪ, ಏನೂ ಹೇಳಲಿಲ್ಲ.

ಎರಡನೆಯವರು ಹುಡುಗನ ತಾಯಿ. "ಪುಡಿ ನಾನೇ ಖುದ್ದಾಗಿ ನಿಂತು ಬೀಸಿಸಿದ್ದು" ಎಂದು ನಾನು ಎದೆಯುಬ್ಬಿಸುವುದಕ್ಕೂ ಅವರು ಮೊದಲ ತುತ್ತು ಬಾಯಿಗಿಡುವುದಕ್ಕೂ ಸರಿಹೋಯಿತು. ಅವರು ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ ನುಂಗಿದರು. ಶಶಿಕಲಾ ಒಂದು ಚಮಚ ಸಾರು ನೆಕ್ಕಿ ನೋಡಿ ನನ್ನತ್ತ ತಿರುಗಿದಳು.

"ರೀ, ನಿಮ್ಮ ಮುಂದೆ ಯಾರಿದ್ರು?"

"ಒಬ್ಬರು ಅಜ್ಜಿ..."

"ಏನು ತಂದಿದ್ರು?"

"ಸೀಗೆಕಾಯಿ."

ಮಗಳು ತಲೆ ತಗ್ಗಿಸಿದಳು. ಅಷ್ಟರಲ್ಲಿ ಹುಡುಗನ ತಾಯಿ ಬಿದ್ದು ಬಿದ್ದು ನಗತೊಡಗಿದರು.

"ಹುಡುಗಿ ನಮಗ ಒಪ್ಪಿಗಿ ಐತ್ರಿ. ಆದ್ರ ಮದುವಿ ಅಡಗಿ ಮಸಾಲಿ ನಾವ ತರ್ತೀವಿ. ನಿಮ್ಮ ಯಜಮಾನ್ರು ಬರೇ ಧಾರಿ ಎರೀಲಿ!"

ಆ ಪುಡಿ ಇನ್ನೂ ಮುಕ್ಕಾಲು ಡಬ್ಬಿ ಉಳಿದಿದೆ. ಅದರಿಂದ ಹಿತ್ತಾಳೆ ದೀಪಗಳನ್ನು ಉಜ್ಜುವ ಜವಾಬ್ದಾರಿಯನ್ನು ಮನೆಯವರು ಸರ್ವಾನುಮತದಿಂದ ನನಗೇ ವಹಿಸಿದ್ದಾರೆ. ದೀಪಗಳು ಫಳಫಳ ಹೊಳೆಯುತ್ತಿವೆ. ಕೈ ಮಾತ್ರ ಧಗಧಗ ಉರಿಯುತ್ತಿದೆ!