ನೆಂಟರಿಗೆ ಕಾಫಿ

ಕೋಡಿ ಫುಟ್‌ಬಾಲ್ ತಂಡದ ಮ್ಯಾನೇಜರ್ ಕುಷ್ಟನ ತಲೆ ಕೆಡಿಸಿದ್ದು ಮೊಬೈಲಿಗೆ ಬಂದ ಒಂದು ವಿಡಿಯೊ. ಆಟಕ್ಕೆ ಮೊದಲು ಕಾಫಿ ಕುಡಿದರೆ ಆಟಗಾರನ ಮಿದುಳು ಚುರುಕಾಗುತ್ತದಂತೆ, ಚೆಂಡು ಎತ್ತ ಬರುತ್ತದೆಂದು ಮೊದಲೇ ಹೊಳೆಯುತ್ತದಂತೆ. ಸೋತು ಸೋತು ತಂಡದ ಮಾನ ಹರಾಜಾಗಿತ್ತು. ಇವತ್ತು ಬೈಂದೂರಿನವರ ಎದುರೂ ಸೋತರೆ ಮ್ಯಾನೇಜರನ್ನೇ ಬದಲಿಸುತ್ತೇನೆಂದು ಅಧ್ಯಕ್ಷ ಭೋಜರಾಜ ಶೆಟ್ರು ಹೇಳಿಯಾಗಿತ್ತು. ಆ ಪಟ್ಟ ಹೋದರೆ ಊರಲ್ಲಿ ಕುಷ್ಟನನ್ನು ಮಾತಾಡಿಸುವವರೇ ಇಲ್ಲ.

ಬೆಳಿಗ್ಗೆಯೇ ಎದ್ದು ಡಾಂಬರಿನಂಥ ಡಿಕಾಕ್ಷನ್ ಇಳಿಸಿದ. ಒಂದು ಫ್ಲಾಸ್ಕಿನಲ್ಲಿ ತನ್ನ ಹುಡುಗರಿಗೆ ಕಾಫಿ. ಇನ್ನೊಂದರಲ್ಲಿ ಬೈಂದೂರಿನವರಿಗೆ ಜೀರಿಗೆ ಕಷಾಯ, ಕುಡಿದು ಹಾಯಾಗಿ ತೂಕಡಿಸಲಿ ಎಂದು. ಹಂಚುವ ಕೆಲಸವನ್ನು ಹೆಂಡತಿ ಚಂದ್ರಮತಿಗೆ ಒಪ್ಪಿಸಿ ಕಡಲತೀರದ ಮೈದಾನದಲ್ಲಿ ಗೋಲಿನ ಬಲೆ ಕಟ್ಟಲು ಓಡಿದ. ಆಟ ನೋಡಲು ಕೂತ ಶೆಟ್ರ ಕಿವಿಯಲ್ಲಿ ಈ ಗುಟ್ಟನ್ನೂ ಊದಿದ.

ಸೀಟಿ ಊದಿದ್ದೇ ತಡ, ಬೈಂದೂರಿನ ಅನೂಪ್ ಬಾಲ ಸುಟ್ಟ ಬೆಕ್ಕಿನಂತೆ ಓಡಿ ಎರಡು ಗೋಲು ಹೊಡೆದ. ಕೋಡಿಯ ಹುಡುಗರು ಊಟ ಮುಗಿಸಿ ಗಾಳಿಗೆ ಬಂದವರ ಹಾಗೆ ಅಡ್ಡಾಡುತ್ತಿದ್ದರು. ವಿರಾಮದಲ್ಲಿ ಕುಷ್ಟ ಹೆಂಡತಿಯ ಬಳಿ ಓಡಿದ.

“ಯಾರಿಗೆ ಎಂತ ಕೊಟ್ಟೆ ಮಾರಾಯ್ತಿ?”

“ಬಂದ್ ನೆಂಟ್ರಿಗೆ ಕಷಾಯ ಕೊಟ್ರೆ ಮರ್ಯಾದಿ ಇತ್ತಾ? ಕಾಫಿ ಅವ್ರಿಗೆ ಕೊಟ್ಟೆ. ಬೇಡ ಅಂದ್ರೂ ಬಿಡ್ಲಿಲ್ಲೆ, ಎರಡೆರಡ್ ಲೋಟ ಕುಡ್ಸ್‌ದೆ. ನಮ್ ಮಕ್ಳಿಗೆ ಕಷಾಯ ಸಾಕ್.”

ಕುಷ್ಟ ಕಾಫಿಯ ಫ್ಲಾಸ್ಕ್ ಬಗ್ಗಿಸಿ ನೋಡಿದ, ಒಂದು ಹನಿಯೂ ಉಳಿದಿರಲಿಲ್ಲ.

ಆದರೆ ವಿರಾಮದ ನಂತರ ಆ ಎರಡನೇ ಲೋಟ ತನ್ನ ಪ್ರತಾಪ ತೋರಿಸಿತು. ಬೈಂದೂರಿನವರ ಕೈಕಾಲು ನಡುಗತೊಡಗಿದವು. ಒಂದು ಚೆಂಡಿಗೆ ಎಲ್ಲರೂ ನುಗ್ಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಅವರ ಗೋಲ್‌ಕೀಪರ್ ಕೋಡಿಯವರು ಒದೆಯುವ ಮೊದಲೇ ಹಾರಿ ಬಿದ್ದ. ಅನೂಪ್ ಪೆನಾಲ್ಟಿ ಚೆಂಡನ್ನು ಸೀದಾ ಸಮುದ್ರಕ್ಕೆ ಕಳಿಸಿದ. ಕಷಾಯ ಕುಡಿದವರು ಮಾತ್ರ ಅವಸರವಿಲ್ಲದೆ ಒಂದಾದ ಮೇಲೊಂದರಂತೆ ಮೂರು ಗೋಲು ಹಾಕಿದರು. ಕೋಡಿ ಗೆದ್ದೇಬಿಟ್ಟಿತು! ಕುಷ್ಟ ಲುಂಗಿ ಎತ್ತಿಕಟ್ಟಿ ಮರಳಲ್ಲೇ ಕುಣಿದ.

ಖುಷಿಯಲ್ಲಿ ಶೆಟ್ರು ನೇರ ಚಂದ್ರಮತಿಯ ಬಳಿ ಹೋಗಿ ಹುಡುಗರನ್ನು ಗೆಲ್ಲಿಸಿದ ಕಾಫಿ ತನಗೂ ಬೇಕೆಂದರು. ಕುಷ್ಟ ಹಿಂದಿನಿಂದ ಕಣ್ಣು ಮಿಟುಕಿಸಿದ, ಕೈಸನ್ನೆ ಮಾಡಿದ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

ಶೆಟ್ರು ಕುಷ್ಟನ ಕಡೆ ತಿರುಗಿದರು. “ನೀ ಹೇಳ್ದಂಗೆ ಆಯಿದ್ರೆ ಇವತ್ತೂ ಸೋಲೇ ಗತಿ ಆತಿತ್ತ್. ಇನ್ಮೇಲೆ ಮ್ಯಾನೇಜರ್ ಚಂದ್ರಮತಿ ಅಕ್ಕ.”

ಊರಿಗೆ ಊರೇ ಚಪ್ಪಾಳೆ ತಟ್ಟಿತು. ಕುಷ್ಟ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹೊಸ ಮ್ಯಾನೇಜರರ ಮೊದಲ ಅಪ್ಪಣೆ ಗಂಡನಿಗೇ ಹೊರಟಿತು:

“ಹ್ವಾಯ್, ನೆಂಟ್ರ್ ಹಸ್ಕಂಡ್ ಇದ್ರ್. ಬೇಗ ಊಟಕ್ಕೆ ಎಲಿ ಹಾಕಿ ಕಾಂಬ.”