ಚಲಪತಿ ಮೇಷ್ಟ್ರ ಮೊಳಕೆ ಪಾಠ

"ಈ ವರ್ಷ ನನ್ನ ಕ್ಲಾಸಲ್ಲಿ ಯಾವ ಮಗುವೂ ವಿಜ್ಞಾನ ಓದಕೂಡದು! ಮಾಡಬೇಕು! ಮುಟ್ಟಬೇಕು, ಮೂಸಬೇಕು, ಕೈ ಕೊಳೆ ಮಾಡಿಕೊಳ್ಳಬೇಕು!"

ಜೂನ್ ತಿಂಗಳಲ್ಲಿ ಶಾಲೆ ಬಾಗಿಲು ತೆಗೆದ ದಿನ ಚಲಪತಿ ಮೇಷ್ಟ್ರು ಹೀಗೊಂದು ಭೀಷ್ಮ ಪ್ರತಿಜ್ಞೆ ಮಾಡಿದರು. ತಮಿಳು ಸೀಮೆಗೆ ಸೇರಿದ ಕೆಲಮಂಗಲದಿಂದ ಐದು ಮೈಲಿ ಒಳಗಿನ ಸರ್ಕಾರಿ ಶಾಲೆಯ ಆರನೇ ತರಗತಿ ಅದು. ಮೂವತ್ತೊಂದು ಮಕ್ಕಳು ಹೋ ಎಂದು ಕೂಗಿದವು. ಓದುವುದು ತಪ್ಪಿತೆಂದರೆ ಯಾವ ಮಗು ಕೂಗುವುದಿಲ್ಲ?

ಪ್ರತಿಜ್ಞೆಯ ಮೊದಲ ಏಟು ಬಿದ್ದದ್ದು ಮೇಷ್ಟ್ರ ಹೆಂಡತಿಗೆ. ಚಂದ್ರಲೇಖಾ ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಸಾಮಾನುಗಳನ್ನು ಪರೀಕ್ಷೆ ಮಾಡಿ, ಕೆಟ್ಟದ್ದನ್ನು ತೆಗೆದುಹಾಕುವ ಕೆಲಸದಲ್ಲಿದ್ದಳು. ಅರಿಸಿನಕ್ಕೆ ಸೋಪಿನ ನೀರು ತಾಕಿದರೆ ಕೆಂಪಾಗುತ್ತದೆ ಎಂಬ ಪ್ರಯೋಗಕ್ಕೆ ಮೇಷ್ಟ್ರಿಗೆ ಒಂದು ಬಿಳಿ ಬಟ್ಟೆ ಬೇಕಾಗಿತ್ತು. ಹಗ್ಗದ ಮೇಲೆ ಒಣಗುತ್ತಿದ್ದದ್ದು ಅವಳ ಕಂಪನಿ ಕೋಟು! ಪ್ರಯೋಗವೇನೋ ಗೆದ್ದಿತು.

"ರೀ, ನಿಮ್ ಸೈನ್ಸ್ ಸ್ಕೂಲಲ್ಲೇ ಇರ್ಲಿ," ಎಂದಳು ಚಂದ್ರಲೇಖಾ, ರಕ್ತದ ಬಣ್ಣದ ಕೋಟನ್ನು ಎರಡು ಬೆರಳಲ್ಲಿ ಹಿಡಿದು. "ಮನೇದು ಒಂದ್ ಚಮಚ ಆ ಕಡೆ ಹೋಯ್ತೋ, ಆಮೇಲೆ ನಾನು ಮಾಡೋ ಪ್ರಯೋಗ ನೋಡೋರಂತೆ!"

ಮೇಷ್ಟ್ರು ತಲೆ ಆಡಿಸಿದರು. ಜುಲೈ ತನಕ ನಿಯತ್ತಾಗಿಯೂ ಇದ್ದರು.

ಜುಲೈನಲ್ಲಿ ಬೀಜ ಮೊಳೆಯುವ ಪಾಠ ಬಂತು. ಮೇಷ್ಟ್ರು ಅಂಗಡಿಯಿಂದ ಅವರೆಕಾಳು ತಂದು, ಒದ್ದೆ ಬಟ್ಟೆಯಲ್ಲಿ ಕಟ್ಟಿಸಿ, ಕಿಟಕಿಯಲ್ಲಿ ಸಾಲಾಗಿ ಇಡಿಸಿದರು. ಮೂರು ದಿನ ಕಳೆದರೂ ಮೊಳಕೆ ಬರಲಿಲ್ಲ, ವಾಸನೆ ಬಂತು! ಎಂಥ ವಾಸನೆ ಎಂದರೆ, ಪಕ್ಕದ ಕ್ಲಾಸಿನ ತಮಿಳು ಟೀಚರು ಮೂಗಿಗೆ ಸೆರಗು ಹಿಡಿದು ಬಂದು, "ಎನ್ನ ಸಾರ್, ಎಲಿ ಸೆತ್ತಿರುಕ್ಕಾ?" ಎಂದು ಇಲಿ ಸತ್ತಿದೆಯೇ ಎಂದು ವಿಚಾರಿಸಿಕೊಂಡು ಹೋದರು. ಅದೇ ದಿನ ಇನ್ನೊಂದು ಸುದ್ದಿಯೂ ಬಂತು. ಶುಕ್ರವಾರ ಶಿಕ್ಷಣಾಧಿಕಾರಿ ಯತಿರಾಜ್ ಅವರು ಶಾಲೆಗೆ ಬರುತ್ತಾರೆ. ಚಲಪತಿ ಮೇಷ್ಟ್ರ ಮಾಡಿ ಕಲಿಯುವ ಪಾಠವನ್ನೇ ನೋಡಬೇಕಂತೆ!

ಅಂದು ಸಂಜೆ ಮೇಷ್ಟ್ರು ಮನೆಯಲ್ಲಿ ಕೂತು ಅಟ್ಟದ ಕಡೆ ನೋಡಿದರು. ಅಲ್ಲಿ ಅವರ ತಾಯಿ ಅಕ್ಕಯಮ್ಮನ ಗಡಿಗೆ ಇತ್ತು. ಒಳಗೆ ಬಿತ್ತನೆಗೆಂದು ಬೂದಿ ಬೆರೆಸಿದ ಎರಡು ಸೇರು ಅವರೆ, ಬಾಯಿಗೆ ಸಗಣಿ ಸಾರಿಸಿ ಭದ್ರ ಮಾಡಿದ್ದು. ಅಕ್ಕಯಮ್ಮ ಜವಳಗಿರಿಯಲ್ಲಿರುವ ಮಗಳು ಭಾನು ಮನೆಗೆ ಹೋಗಿ ವಾರವಾಗಿತ್ತು. ಚಂದ್ರಲೇಖಾ ಎರಡನೇ ಪಾಳಿಯ ಕಂಪನಿ ಬಸ್ಸು ಹತ್ತಿ ಹೋಗಿದ್ದಳು. ಮನೆಯಲ್ಲಿ ಮೇಷ್ಟ್ರು, ಗಡಿಗೆ ಮತ್ತು ವಿಜ್ಞಾನ, ಮೂರೇ ಜನ.

'ಒಂದು ಹಿಡಿ ಸಾಕು' ಎಂದು ಗಡಿಗೆ ಇಳಿಸಿದರು. ಮೂವತ್ತೊಂದು ಮಕ್ಕಳಿಗೆ ಒಂದು ಹಿಡಿ ಸಾಕೇ? 'ಹೋಗಲಿ, ಅರ್ಧ.' ಅರ್ಧ ತೆಗೆದ ಮೇಲೆ ಉಳಿದರ್ಧ ಬೇಸರ ಮಾಡಿಕೊಂಡಂತೆ ಕಂಡಿತು. ಜೊತೆಗೆ ಮೇಷ್ಟ್ರಿಗೆ ಮಹಾ ಯೋಚನೆಯೊಂದು ಹೊಳೆಯಿತು. ಮೊಳಕೆಯನ್ನೆಲ್ಲ ಶಾಲೆಯ ಹಿತ್ತಲಲ್ಲಿ ನೆಡಿಸಿದರೆ? ಎರಡು ಸೇರಿಗೆ ಎರಡು ಮೂಟೆ! ಅಮ್ಮನಿಗೆ ಬೀಜಕ್ಕೆ ಬಡ್ಡಿ ಸೇರಿಸಿ ಕೊಡಬಹುದು! ಗಡಿಗೆ ಬರಿದಾಯಿತು. ಮೇಷ್ಟ್ರು ಅದನ್ನು ಮೊದಲಿದ್ದಲ್ಲೇ ಇಟ್ಟು, ಕೈಯ ಬೂದಿ ಒರೆಸಿಕೊಂಡರು. ಎದೆಯಲ್ಲಿ ಸಣ್ಣದೊಂದು ಮುಳ್ಳು ಆಡಿತು, ನಿಜ. ಹಸಿವಿರಬೇಕೆಂದು ಉಂಡು ಮಲಗಿದರು.

ಆಹಾ, ಅಕ್ಕಯಮ್ಮನ ಬೀಜ! ಒಂದಾದರೂ ಹುಸಿ ಹೋಗಲಿಲ್ಲ. ಶುಕ್ರವಾರ ಬೆಳಗ್ಗೆ ಬಟ್ಟೆ ಬಿಚ್ಚಿದರೆ, ಸಿಪ್ಪೆ ಬಿರಿದು ಬೆಳ್ಳನೆ ಮೂತಿ ಹೊರಗಿಟ್ಟು, ಎರಡು ಸೇರು ಅವರೆಯೂ ಸಾಹೇಬರಿಗೆ ನಮಸ್ಕಾರ ಹಾಕಲು ನಿಂತಂತಿತ್ತು. ಮುನಿರತ್ನ ಎಂಬ ಹುಡುಗಿ ಒಂದು ಕಾಳನ್ನು ಹಿಸುಕಿ, "ಇದು ಬೀಜಕವಚ ಸಾರ್, ಇದು ಬೇಳೆ, ಇದು ಬೇರಾಗೋದು" ಎಂದು ಯತಿರಾಜ್ ಅವರಿಗೆ ಬಿಡಿಸಿ ತೋರಿಸಿದಳು.

"ಪ್ರಮಾದಂ! ಪ್ರಮಾದಂ ಸಾರ್!" ಎಂದು ಸಾಹೇಬರು ಮೇಷ್ಟ್ರ ಕೈ ಕುಲುಕಿದರು. ತಮಿಳಿನಲ್ಲಿ ಹಾಗೆಂದರೆ ಬಲು ಸೊಗಸು ಎಂದು ಅರ್ಥ. ಕನ್ನಡದಲ್ಲಿ ಏನರ್ಥ ಎನ್ನುವುದು ಮೇಷ್ಟ್ರಿಗೆ ನೆನಪಾಗಲು ಇನ್ನೂ ಮೂರು ಗಂಟೆ ಇತ್ತು.

ಸಾಹೇಬರನ್ನು ಕೆಲಮಂಗಲದ ತನಕ ಕಳಿಸಿಕೊಟ್ಟು ಬರಬೇಕಾಗಿತ್ತು. ಹಿತ್ತಲಲ್ಲಿ ಪಾತಿ ಅಗೆದಾಗಿತ್ತು, ಆದರೆ ಬಿಸಿಲು ಚುರುಗುಟ್ಟುತ್ತಿತ್ತು. ಮಧ್ಯಾಹ್ನ ಬಿಸಿಲು ಇಳಿದ ಮೇಲೆ ನೆಟ್ಟರಾಯಿತೆಂದು ಮೇಷ್ಟ್ರು ಮೊಳಕೆಯನ್ನೆಲ್ಲ ಒಂದು ದೊಡ್ಡ ಪಾತ್ರೆಗೆ ತುಂಬಿ, ಕೋಳಿ ಕಾಟವಿಲ್ಲದ ಜಾಗವೆಂದು ಶಾಲೆಯ ಅಡುಗೆಮನೆಯಲ್ಲಿ ಇಟ್ಟರು. ಮಕ್ಕಳ ಮಧ್ಯಾಹ್ನದ ಊಟ ಬೇಯಿಸುವ ರಮಾದೇವಿಗೆ ಅವಸರದಲ್ಲೇ ಹೇಳಿದರು:

"ರಮಾದೇವಮ್ಮಾ, ಇದು ಜೋಪಾನ. ಮಧ್ಯಾಹ್ನ ಮಕ್ಕಳ ಕೈಲಿ ಹಾಕಿಸ್ಬೇಕು!"

ರಮಾದೇವಿ ಕಿವಿ ತುಂಬ ಒಗ್ಗರಣೆಯ ಸದ್ದು. "ಆಯ್ತು ಸಾರ್, ಹಾಕುಸ್ತೀನಿ!" ಎಂದಳು.

ಕೆಲಮಂಗಲದಲ್ಲಿ ಸಾಹೇಬರಿಗೆ ಟೀ ಕುಡಿಸಿ, ಹೊಗಳಿಕೆ ಕುಡಿದು, ಮೇಷ್ಟ್ರು ವಾಪಸು ಬರುವ ಹೊತ್ತಿಗೆ ಒಂದು ಗಂಟೆ. ಗೇಟಿನ ಹತ್ತಿರವೇ ಘಮ ಎನ್ನುವ ವಾಸನೆ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋಯಿತು. ಮಕ್ಕಳು ಸಾಲಾಗಿ ಕೂತು, ತಲೆ ಎತ್ತದೆ ಉಣ್ಣುತ್ತಿದ್ದವು. ಮೇಷ್ಟ್ರೂ ತಟ್ಟೆ ಹಿಡಿದರು. ಅನ್ನದ ಮೇಲೆ ಹಿತಕಬೇಳೆ ಸಾರು! ಕಾಳು ನಾಲಿಗೆಗೆ ತಾಕಿದೊಡನೆ ಬೆಣ್ಣೆಯಂತೆ ಕರಗಿತು. ಮೇಷ್ಟ್ರು ಕಣ್ಣು ಮುಚ್ಚಿ ಉಂಡರು. ಇನ್ನೊಂದು ಸೌಟು ಹಾಕಿಸಿಕೊಂಡರು. ಕೈ ತೊಳೆಯುವಾಗಷ್ಟೇ ಒಂದು ಪ್ರಶ್ನೆ ಹುಟ್ಟಿತು.

"ಅವರೆಕಾಯಿ ಬರೋದು ಚಳಿಗಾಲಕ್ಕಲ್ವಾ? ಈಗ ಎಲ್ಲಿಂದ ತಂದ್ಯಮ್ಮ?"

"ನೀವೇ ತಂದ್ ಮಡಗಿದ್ರಲ್ಲ ಸಾರ್! ಮಕ್ಕಳಿಗೆ ಹಾಕ್ಸು ಅಂದ್ರಿ. ಒಳ್ಳೇ ಸೊಗಡಿನ ಕಾಳು! ಹಿಸುಕೋಕೆ ಮಾತ್ರ ನಿಮ್ ಕ್ಲಾಸ್ ಮಕ್ಕಳೇ ಬಂದ್ರು."

"ಹೂ ಸಾರ್!" ಮುನಿರತ್ನ ಹೆಮ್ಮೆಯಿಂದ ಎದ್ದು ನಿಂತಳು. "ನೀವ್ ಹೇಳ್ಕೊಟ್ಟಂಗೆ, ಬೀಜಕವಚ ಎಲ್ಲಾದ್ರದ್ದೂ ತೆಗುದ್ವಿ ಸಾರ್! ಒಂದೂ ಬಿಡ್ಲಿಲ್ಲ!"

ಮೇಷ್ಟ್ರು ಕೈ ಒರೆಸಿಕೊಳ್ಳಲೂ ಇಲ್ಲ. ಅಡುಗೆಮನೆಗೆ ಓಡಿ ಪಾತ್ರೆ ಬಗ್ಗಿಸಿ ನೋಡಿದರು. ಒಂದು ಮೂಲೆಯಲ್ಲಿ ಸಿಪ್ಪೆಯ ರಾಶಿ ಮಾತ್ರ ಇತ್ತು. ಅದನ್ನೂ ಕೆದಕಿ ನೋಡಿದರು. ಒಂದೇ ಒಂದು ಕಾಳು ಸಿಕ್ಕರೆ ಸಾಕೆಂದು ಕೆದಕಿದರು. ಮಕ್ಕಳು ನಿಜವಾಗಿಯೂ ಒಂದನ್ನೂ ಬಿಟ್ಟಿರಲಿಲ್ಲ. ಯಾವ ಪರೀಕ್ಷೆಯಲ್ಲೂ ನೂರಕ್ಕೆ ನೂರು ತೆಗೆಯದ ಮಕ್ಕಳು!

ಸಂಜೆ ಆಕಾಶ ಬಿರಿದು ಮಳೆ ಸುರಿಯಿತು. ಮಳೆಯ ನಡುವೆಯೇ ಜವಳಗಿರಿಯಿಂದ ಫೋನು.

"ಚಲಪತೀ, ಅಲ್ಲೂ ಮಳೆ ಬತ್ತಾ ಐತೇನ್ಲಾ? ಒಳ್ಳೇ ಹದ ಕಣ್ಲಾ. ನಾಯ್ಡುಗೆ ಹೇಳಿ ನೇಗ್ಲು ಕಟ್ಟಿಸು. ನಾನು ನಾಡಿದ್ದು ಬತ್ತೀನಿ, ರಾಗಿ ಸಾಲಿಗೆ ಅವರೆ ಹಾಕ್ಬುಡಾನ."

"ಹೂ... ಅಮ್ಮಾ," ಎಂದರು ಮೇಷ್ಟ್ರು. ಉಳಿದದ್ದನ್ನು ಹೇಳದೆ ಫೋನು ಇಟ್ಟರು.

ಪಾಳಿ ಮುಗಿಸಿ ರಾತ್ರಿ ಬಂದ ಚಂದ್ರಲೇಖಾಗೆ ಮಾತ್ರ ಹೇಳಿದರು. ಅವಳು ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತರು. ಅವಳು ಬೈಯಲಿಲ್ಲ. ಕೆಳಗೆ ಕೂತುಬಿಟ್ಟಳು.

"ಎಲ್ಲಾನೂವಾ?"

"ಎಲ್ಲಾನೂ."

"ರೀ, ಅತ್ತೆ ನನಗೂ ಆ ಗಡಿಗೆ ಮುಟ್ಟೋಕೆ ಬಿಟ್ಟಿಲ್ಲ, ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು. ಬೆಳಗಾಗ್ತಲೇ ಫೋನ್ ಮಾಡಿ ನಿಜ ಹೇಳ್ಬುಡಿ."

ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಿ.ಎಸ್ಸಿ., ಬಿ.ಎಡ್. ಓದಿದ ತಲೆ ಅಷ್ಟು ಸುಲಭದ ದಾರಿ ಹಿಡಿಯುತ್ತದೆಯೇ? ಶನಿವಾರ ಮೇಷ್ಟ್ರು ಕೆಲಮಂಗಲವನ್ನೆಲ್ಲ ಸುತ್ತಿ, ಅದೇ ಗಾತ್ರದ, ಅದೇ ಬಣ್ಣದ ಎರಡು ಸೇರು ಅವರೆ ಹುಡುಕಿ ತಂದರು. ಒಲೆಯ ಬೂದಿ ಬೆರೆಸಿದರು. ಪಕ್ಕದ ಮನೆಯ ಕೊಟ್ಟಿಗೆಯಿಂದ ಸಗಣಿ ತಂದು, ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಗಡಿಗೆಯ ಬಾಯಿಗೆ ಮೆತ್ತತೊಡಗಿದರು.

ಚಂದ್ರಲೇಖಾ ಬಾಗಿಲಲ್ಲಿ ನಿಂತು ನೋಡಿದಳು. "ನಮ್ ಕಂಪನೀಲಿ ಇಂಥ ಮಾಲು ಬಂದ್ರೆ ನೋಡ್ದೇಟ್ಗೇ ರಿಜೆಕ್ಟ್ ಮಾಡ್ತೀವಿ."

"ಯಾವುದನ್ನ? ಗಡಿಗೇನಾ?"

"ಮೆತ್ತುತಾ ಇರೋರನ್ನ!"

ಭಾನುವಾರ ಬೆಳಗ್ಗೆ ಅಕ್ಕಯಮ್ಮ ಬಸ್ಸಿಳಿದು ಬಂದಳು. ಕಾಲು ತೊಳೆದವಳೇ ಗಡಿಗೆ ಇಳಿಸಿದಳು. ಸಗಣಿಯ ಮೇಲೆ ಬೆರಳಾಡಿಸಿ ಒಮ್ಮೆ ಮಗನ ಮುಖ ನೋಡಿದಳು. ಬಾಯಿ ಒಡೆದಳು. ಒಂದು ಕಾಳು ತೆಗೆದು, ಬೂದಿ ಒರೆಸಿ, ಮೂಸಿ, ಹಲ್ಲಲ್ಲಿ ಕಚ್ಚಿದಳು.

"ಇದ್ಯಾವ್ ಅಂಗಡೀದ್ಲಾ?"

ಮೇಷ್ಟ್ರು ಎಲ್ಲವನ್ನೂ ಹೇಳಿದರು. ಸಾಹೇಬರು ಕೈ ಕುಲುಕಿದ್ದನ್ನು ಹೇಳುವಾಗ ನಾಚಿಕೆಯಾಗಿ ಅದನ್ನು ಬೇಗ ದಾಟಿಸಿದರು. ಅಕ್ಕಯಮ್ಮ ಕೊನೆಯ ತನಕ ಕೇಳಿಸಿಕೊಂಡಳು.

"ಮಕ್ಕಳು ಹೊಟ್ಟೆ ತುಂಬಾ ಉಂಡ್ವಾ?"

"ಹೂ, ಅಮ್ಮ."

"ನೀನು?"

ಮೇಷ್ಟ್ರು ನೆಲ ನೋಡಿದರು. "ಎರಡ್ ಸಲ ಹಾಕಿಸ್ಕೊಂಡೆ."

ಅಕ್ಕಯಮ್ಮ ಕೈಯಲ್ಲಿದ್ದ ಕಾಳನ್ನು ಗಡಿಗೆಗೆ ಹಾಕಿದಳು. "ನಾನು ಈ ಮನೆಗೆ ಬರೋವಾಗ ನಮ್ಮವ್ವ ಸೆರಗಿಗೆ ಕಟ್ಟಿ ಕಳಿಸಿದ್ದು ಕಣ್ಲಾ ಅದು. ನಲವತ್ಮೂರು ವರ್ಷ ಆಯ್ತು. ಬಿತ್ತೋದು, ಎತ್ತಿಡೋದು. ನಮ್ಮವ್ವನ ಕಡೇದು ಅಂತ ನನ್ಹತ್ರ ಇದ್ದಿದ್ದು ಅದೊಂದೇ." ಅಷ್ಟೇ ಹೇಳಿ ಎದ್ದು ಹೋಗಿ ಒಲೆ ಹಚ್ಚಿದಳು.

ಬೈದಿದ್ದರೆ ಮೇಷ್ಟ್ರು ಬದುಕಿಕೊಳ್ಳುತ್ತಿದ್ದರು. ಆ ದಿನವೆಲ್ಲ ಅವರು ಮನೆಯೊಳಗೆ ಬಂದು ಹೋಗಿ ಮಾಡಿದರು. ಹುಡುಗನಾಗಿದ್ದಾಗ ಆ ಗಡಿಗೆಗೆ ಕೈ ಹಾಕಿ ಏಟು ತಿಂದದ್ದು, "ಅದು ತಿನ್ನೋದಲ್ಲ ಕಣ್ಲಾ" ಎಂದು ಅಮ್ಮ ಹೇಳಿದ್ದು, ಎಲ್ಲ ಒಂದೊಂದಾಗಿ ನೆನಪಾಯಿತು. ಬೇಕಾದಾಗ ಬಾರದೆ, ಬೇಡದಿರುವಾಗ ಸಾಲುಗಟ್ಟಿ ಬರುವುದೇ ನೆನಪಿನ ಗುಣ.

ಸೋಮವಾರ ಬೆಳಗ್ಗೆ ಅಕ್ಕಯಮ್ಮ ಒಗೆದ ಸೀರೆ ಉಟ್ಟು ಸ್ಕೂಟರಿನ ಹತ್ತಿರ ನಿಂತಿದ್ದಳು.

"ಮುತ್ತರಾಯಪ್ಪನ ಮನೆಗೆ ನಡಿ."

ಮೇಷ್ಟ್ರು ಕೀಲಿ ಹಾಕುವುದನ್ನು ಬಿಟ್ಟು ಅಮ್ಮನ ಮುಖ ನೋಡಿದರು. ಮುತ್ತರಾಯಪ್ಪ ಅವರ ಚಿಕ್ಕಪ್ಪನ ವರಸೆ, ಪಕ್ಕದ ಹಳ್ಳಿಯವನು. ಬದುವಿನ ಮೇಲಿನ ಒಂದು ಹುಣಸೆಮರಕ್ಕಾಗಿ ಎರಡು ಮನೆಗೂ ಆರು ವರ್ಷದಿಂದ ಮಾತಿಲ್ಲ. "ಅವನ ಹೊಸ್ತಿಲು ತುಳಿದ್ರೆ ಕೇಳು" ಎಂದು ಊರ ನಡುವೆ ನಿಂತು ಹೇಳಿದವಳು ಅಕ್ಕಯಮ್ಮನೇ.

"ಅಲ್ಯಾಕಮ್ಮ?"

"ಜಗಳಕ್ ಮುಂಚೆ ಅವನಿಗೆ ಒಂದ್ ಸೇರು ಬೀಜ ಕೊಟ್ಟಿದ್ದೆ. ಉಳಿಸ್ಕಂಡಿದ್ರೆ ಅವನೇ ಉಳಿಸ್ಕಂಡಿರ್ಬೇಕು."

ಮುತ್ತರಾಯಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಸ್ಕೂಟರಿನಿಂದ ಇಳಿದವರನ್ನು ನೋಡಿ ಕೈ ನಿಂತಿತು.

"ಆರು ವರ್ಷ ಆಯ್ತಲ್ಲ ಅತ್ತಿಗೆ, ಈ ಕಡೆ ತಲೆ ಹಾಕಿ?"

"ಬೇಡೋಕ್ ಬಂದಿವ್ನಿ ಕಣಪ್ಪ," ಎಂದಳು ಅಕ್ಕಯಮ್ಮ. ಬಾಗಿಲ ಮುಂದೆ ನಿಂತು, ಎರಡೂ ಕೈಯಲ್ಲಿ ಸೆರಗು ಒಡ್ಡಿದಳು. "ನಮ್ಮವ್ವನ ಅವರೆ ನಿನ್ಹತ್ರ ಇದ್ರೆ ಒಂದ್ ಹಿಡಿ ಕೊಡು."

ಊರಿಗೆಲ್ಲ ಬೀಜ ಹಂಚಿದವಳು ಇನ್ನೊಬ್ಬರ ಮುಂದೆ ಸೆರಗು ಒಡ್ಡಿದ್ದನ್ನು ಮೇಷ್ಟ್ರು ತಮ್ಮ ಜೀವಮಾನದಲ್ಲಿ ನೋಡಿರಲಿಲ್ಲ. ನೋಡಲಾಗದೆ ಸ್ಕೂಟರಿನ ಕನ್ನಡಿ ಒರೆಸತೊಡಗಿದರು. ಒರೆಸುತ್ತಲೇ, ಕೇಳಿದ್ದಕ್ಕೆ ನಡೆದದ್ದನ್ನೆಲ್ಲ ಮುತ್ತರಾಯಪ್ಪನಿಗೂ ಒಪ್ಪಿಸಿದರು.

ಮುತ್ತರಾಯಪ್ಪ ನಗಲಿಲ್ಲ. ಒಳಗೆ ಹೋದ. ಬಹಳ ಹೊತ್ತಾದ ಮೇಲೆ ಒಂದು ಸೋರೆಬುರುಡೆ ಹಿಡಿದು ಬಂದು, ಅದರಿಂದ ಮೂರು ಬೊಗಸೆ ಅವರೆಯನ್ನು ಅತ್ತಿಗೆಯ ಸೆರಗಿಗೆ ಸುರಿದ.

"ಬೀಜ ನಿಂದೇ ಅತ್ತಿಗೆ, ನನ್ದೇನಿಲ್ಲ. ಮರದ್ ವಿಚಾರ ಆಮೇಲ್ ನೋಡ್ಕಳಾನ." ಆಮೇಲೆ ಮೇಷ್ಟ್ರ ಕಡೆ ತಿರುಗಿದ. "ಅಲ್ಲ ಕಣ್ಲಾ ಚಲಪತಿ, ಹೊಲದಲ್ ಬೆಳೆದೋನು ನೀನು. ಬಿತ್ತೋ ಬೀಜ ಯಾವ್ದು, ಬೇಯಿಸೋ ಕಾಳ್ಯಾವ್ದು, ಅಷ್ಟೂ ತಿಳೀಲಿಲ್ವೇನ್ಲಾ ನಿನಗೆ?"

ಮೇಷ್ಟ್ರು ಬಾಯಿ ತೆಗೆಯುವ ಮೊದಲೇ ಅಕ್ಕಯಮ್ಮ ಅಡ್ಡ ಬಂದಳು. ಸೆರಗಿಗೆ ಗಂಟು ಹಾಕುತ್ತಲೇ, ಯಾವ ಕಹಿಯೂ ಇಲ್ಲದೆ, ಮಗನನ್ನು ಕಾಪಾಡುವ ದನಿಯಲ್ಲಿ ಹೇಳಿದಳು:

"ಸುಮ್ಕಿರು ಮುತ್ತರಾಯ, ನನ್ ಮಗನ್ನ ಏನೂ ಅನ್ಬ್ಯಾಡ. ಪಾಪ, ಅವನಿಗೆಂಗ್ ತಿಳೀತದೆ? ಅವ್ನು ಕಲಿಸೋನು ಕಣಪ್ಪ, ಕಲ್ತೋನಲ್ಲ!"