ನಮ್ಮ ಕಾಕಾರವರ ಮೋಟಾರಿನ ಎಡಗಡೆಯ ದೀಪ

ಮಾನ್ಯ ವಾಚಕ ಮಹಾಶಯರ ಸನ್ನಿಧಿಗೆ ವಿನಯಪೂರ್ವಕ ಅರಿಕೆ ಏನೆಂದರೆ, ಅಚ್ಚಿಗಾಗಿ ಬರೆಯುವುದು ನನಗೆ ಇದೇ ಪ್ರಥಮ. ಇದು ಕಚೇರಿಯ ಕಾಗದಗಳನ್ನು ನಕಲು ಮಾಡಿ ಪಳಗಿದ ಕೈ. ಅಕ್ಷರ ಸೊಟ್ಟಗಿದ್ದರೆ, ಒತ್ತು ದೀರ್ಘಗಳು ತಪ್ಪಿದ್ದರೆ ಮನ್ನಿಸಬೇಕು. ವಿಷಯವಾದರೂ ಗಂಭೀರವಾದುದಲ್ಲ. ನಮ್ಮ ಕಾಕಾರವರು ತಮ್ಮ ಮೋಟಾರಿನ ಒಳಗೆ ಕುಳಿತದ್ದಕ್ಕಿಂತ ಅದರ ಕೆಳಗೆ ಮಲಗಿದ್ದೇ ಹೆಚ್ಚು ಎಂಬುದನ್ನು ತಮ್ಮ ಅವಗಾಹನೆಗೆ ತರುವುದಷ್ಟೇ ನನ್ನ ಉದ್ದೇಶ.

ಕಾಕಾ ಹುಬ್ಬಳ್ಳಿಯ ಹತ್ತಿ ವ್ಯಾಪಾರಸ್ಥರು. ಈಗಿನ ಮಹಾಯುದ್ಧಕ್ಕೆ ಕೆಲವು ವರ್ಷ ಪೂರ್ವದಲ್ಲಿ, ಊರು ಬಿಟ್ಟು ಹೊರಟ ಸಾಹೇಬನೊಬ್ಬನ ಹಳೆಯ ಮೋಟಾರನ್ನು ಕೊಂಡರು. ಯಂತ್ರ ನೆಟ್ಟಗಿತ್ತು, ಗಾಲಿಗಳು ನೆಟ್ಟಗಿದ್ದವು. ಎಡಗಡೆಯ ದೀಪ ಮಾತ್ರ ಕೆಲವು ತಿಂಗಳು ಚೆನ್ನಾಗಿ ಉರಿದು, ಆಮೇಲೆ ಮಿಣುಕಿ, ಕಡೆಗೆ ಕಣ್ಣು ಮುಚ್ಚಿತು.

ಒಂದು ದೀಪಕ್ಕಾಗಿ ಯಾರಾದರೂ ಇಷ್ಟು ಚಡಪಡಿಸುವರೇ? ಕಾಕಾರವರಿಗೆ ಕಾರಣವಿತ್ತು. ಕಾಕಿಯ ತವರು ಹೆಬ್ಬಳ್ಳಿ. ನಾಗರ ಪಂಚಮಿಗೆ ಆಕೆಯ ತಮ್ಮ ಚಕ್ಕಡಿ ಹೂಡಿಕೊಂಡು ಕರೆಯಲು ಬರುವುದು ಲಾಗಾಯ್ತಿನ ರೂಢಿ. ಈ ಸಲ ಹೆಂಡತಿಯನ್ನು ತಾವೇ ಮೋಟಾರಿನಲ್ಲಿ ಕೂಡಿಸಿಕೊಂಡು ಹೋಗಿ ಅತ್ತೆಯವರ ಬಾಗಿಲಲ್ಲಿ ಇಳಿಸಬೇಕೆಂದು ಕಾಕಾರ ಹಟ. ಕಾಕಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು.

"ಒಕ್ಕಣ್ಣ ಗಾಡ್ಯಾಗ ತವರಮನಿಗೆ ಹೋಗೂದು ಅಪಶಕುನ ಅಲ್ಲೇನ್ರಿ? ಎರಡೂ ಕಣ್ಣ ತಗೀಲಿ, ಕುಂದರತೇನಿ."

ಅಂದಿನಿಂದ ಕಾಕಾರಿಗೆ ಊಟ ನಿಂತಲ್ಲೇ, ನಿದ್ರೆ ಕುಳಿತಲ್ಲೇ. ಎಡಗಡೆಯ ಬಲ್ಬನ್ನು ಬಲಗಡೆಗೆ ಹಾಕಿದರು, ಉರಿಯಿತು. ಬಲಗಡೆಯದನ್ನು ಎಡಗಡೆಗೆ ಹಾಕಿದರು, ಆರಿತು. ಬಲ್ಬು ನಿರ್ದೋಷಿ ಎಂದು ಸಾಬೀತಾಯಿತು. ಬಳಿಕ ತಂತಿಯ ವಿಚಾರಣೆ. ಅದರ ಮೇಲಿನ ಅರಿವೆಯನ್ನು ಇಲಿಗಳು ತಿಂದಿದ್ದವು. ಕಾಕಿಯ ಹಳೆಯ ಇಳಕಲ್ ಸೀರೆಯ ಸೆರಗನ್ನು ಹರಿದು ತಂತಿಗೆ ಸುತ್ತಿ ಮರಳಿ ಜೋಡಿಸಿದರು. ದೀಪದ ಗುಂಡಿ ಒತ್ತಿದ ಕೂಡಲೇ ಹಾರ್ನು ಕೂಗಿತು! ಸದರಿ ಘಟನೆಯನ್ನು ಕಾಕಾ ಪ್ರಗತಿಯೆಂದೇ ಪರಿಗಣಿಸಿದರು.

ಹಾರ್ನಿನ ತಂತಿ ಬಿಡಿಸಿದ ಮೇಲೆ, ಪರೀಕ್ಷಾರ್ಥವಾಗಿ ಸಂಜೆಯ ಮಬ್ಬಿನಲ್ಲಿ ಗಬ್ಬೂರಿನ ಕಡೆಗೆ ಹೊರಟೆವು. ಎದುರಿಗೆ ಬಂದ ಚಕ್ಕಡಿಯವನು ಹಾದಿ ಬಿಡಲೇ ಇಲ್ಲ. ಕಾಕಾ ಮೋಟಾರನ್ನು ಎರೆಹೊಲಕ್ಕೆ ಇಳಿಸಿ, ಅವನನ್ನು ತರಾಟೆಗೆ ತೆಗೆದುಕೊಂಡರು. ಅವನು ಶಾಂತನಾಗಿ ಕೇಳಿದ, "ಒಂದ ದೀಪಾ ಕಂಡ್ರ ಸೈಕಲ್ ಅಂತೀವ್ರಿ ಯಪ್ಪಾ. ಸೈಕಲ್ಲಿಗೆ ಎಷ್ಟ ಹಾದಿ ಬೇಕ?"

ಮರುದಿನ ಎಡಗಡೆಗೆ ಕಂದೀಲು ಕಟ್ಟಿದರು. ಅದು ವಿದ್ಯುತ್ತಿನ ದೀಪಕ್ಕಿಂತ ಚೆನ್ನಾಗಿಯೇ ಬೆಳಗಿತು. ಕಾಕಿ ಬಾಗಿಲಲ್ಲಿ ನಿಂತು ನೋಡಿ, ಅದು ಕಣ್ಣಲ್ಲ, ಕಣ್ಣಿಗೆ ಹಾಕಿದ ಚಾಳೀಸು ಎಂದು ಹೇಳಿ ಒಳಗೆ ಹೋದರು.

ಇನ್ನೊಂದು ವಿಚಿತ್ರವನ್ನೂ ನಿವೇದಿಸಬೇಕು. ದೀಪದ ತಗಡಿನ ಬುರುಡೆಯನ್ನು ಹಿಡಿದು ಬಲವಾಗಿ ತಿರುಚಿದರೆ ಬೆಳಕು ಬರುತ್ತಿತ್ತು. ಕೈ ಬಿಟ್ಟರೆ ಹೋಗುತ್ತಿತ್ತು. ನಾನು ಮಡಗಾರ್ಡಿನ ಮೇಲೆ ಕುಳಿತು ಹೆಬ್ಬಳ್ಳಿಯವರೆಗೆ ಅದನ್ನು ತಿರುಚಿ ಹಿಡಿಯಬೇಕೆಂದು ಕಾಕಾ ಸೂಚಿಸಿದರು. ಸದರಿ ಸೂಚನೆಯನ್ನು ಪಾಲಿಸಲು ನಾನು ಅಸಮರ್ಥನೆಂದು ತಿಳಿಯಪಡಿಸಿದೆ.

ಕಡೆಗೆ ಆ ದಿನ ಬಂದೇ ಬಂದಿತು. ಕಾಕಿಯ ತಮ್ಮ ಚಕ್ಕಡಿ ನಿಲ್ಲಿಸಿ, ಮೋಟಾರಿನ ಕೆಳಗಿನಿಂದ ಹೊರಚಾಚಿದ್ದ ಕಾಲುಗಳಿಗೆ ನಮಸ್ಕರಿಸಿದ. "ನಮ್ಮ ಎತ್ತಿಗೆ ಎರಡೂ ಕಣ್ಣ ನೆಟ್ಟಗದಾವ್ರಿ, ಮಾವಾರ. ಅಕ್ಕನ್ನ ಕಳಸ್ರಿ."

ಕಾಲುಗಳು ಒಳಗೆ ಸರಿದವು. ಸ್ವಲ್ಪ ಹೊತ್ತಿಗೆ ಕಾಕಾ ತೆವಳಿ ಹೊರಬಂದು ನನ್ನನ್ನು ಕರೆದರು. "ಕರೆಂಟು ತಂತಿಯಿಂದ ಹೋಗತೈತಿ. ತಿರುಗಿ ಬರೂದು ಗಾಡಿಯ ಕಬ್ಬಿಣದಿಂದ. ನಾವು ಹೋಗೂ ಹಾದಿ ಅಷ್ಟ ನೋಡಿದ್ವಿ. ಬರೂ ಹಾದಿ ನೋಡಿಲ್ಲ."

ದೀಪದ ಬುಡದ ಬೋಲ್ಟು ಬಿಚ್ಚಿದರು. ಬುಡಕ್ಕೂ ಮಡಗಾರ್ಡಿಗೂ ನಡುವೆ ತುಕ್ಕು. ತುಕ್ಕಿನ ಮೇಲೆ ಗಾರೆಯಂತೆ ಗಟ್ಟಿಯಾದ ಬಿಳಿಯ ಪದರ. ಕಾಕಾ ಉಗುರಿನಿಂದ ಕೆರೆದು ಮೂಸಿದರು. ವಿಭೂತಿ!

ಪ್ರತಿ ಸೋಮವಾರ ಕಾಕಿ ಮೋಟಾರಿನ ಕಣ್ಣಿಗೆ ನೀರೆರೆದು, ವಿಭೂತಿ ಬಳಿದು, ಗಂಡ ಊರೂರು ತಿರುಗಿ ಸುಖವಾಗಿ ಮನೆ ಸೇರಲೆಂದು ಬೇಡಿಕೊಳ್ಳುತ್ತಿದ್ದರು. ದೀಪ ಮಿಣುಕಲಾರಂಭಿಸಿದ ಮೇಲೆ ವಿಭೂತಿಯನ್ನು ಇಮ್ಮಡಿ ಮಾಡಿದ್ದರು. ಅದೆಲ್ಲ ನೀರಿನೊಡನೆ ಬುಡಕ್ಕಿಳಿದು ಕರೆಂಟು ತಿರುಗಿ ಬರುವ ಹಾದಿಯನ್ನು ಕಟ್ಟಿತ್ತು. ಬಲಗಡೆಯ ದೀಪವಾದರೋ ಗೋಡೆಗೆ ಹತ್ತಿಕೊಂಡು ನಿಲ್ಲುತ್ತಿತ್ತು. ಅಲ್ಲಿಗೆ ಕಾಕಿಯ ಕೈ ಎಟುಕುತ್ತಿರಲಿಲ್ಲ. ಪೂಜೆ ಮುಟ್ಟದ್ದರಿಂದ ಅದು ಉರಿಯುತ್ತಿತ್ತು!

ನಾನು ನಗಲು ಬಾಯಿ ತೆರೆದೆ. ಕಾಕಾ ನನ್ನ ಕಡೆಗೆ ನೋಡಿದ ನೋಟಕ್ಕೆ ಮುಚ್ಚಿಕೊಂಡೆ. ಅವರು ಉಸುಕಿನ ಕಾಗದದಿಂದ ಕಬ್ಬಿಣ ಹೊಳೆಯುವಂತೆ ತಿಕ್ಕಿ, ಬೋಲ್ಟು ಬಿಗಿದು, ಗುಂಡಿ ಒತ್ತಿದರು. ಎರಡೂ ಕಣ್ಣು ತೆರೆದವು. ಬೆಳಕು ಕಂಡು ಕಾಕಿ ಹೊರಗೆ ಬಂದರು.

"ಏನಾಗಿತ್ರಿ ಅದಕ್ಕ?"

"ಏನಿಲ್ಲ. ನಾನ ನಟ್ಟು ಸಡ್ಲ ಬಿಟ್ಟಿದ್ದೆ."

"ಮತ್ತ ನಾ ಮಾಡಿದ ಪೂಜಾ ಸುಳ್ಳಾಗಲಿಲ್ಲ ನೋಡ್ರಿ."

"ಅದೆಲ್ಲಿ ಸುಳ್ಳಾಗತೈತಿ?" ಎಂದು ಕಾಕಾ ಬಾಗಿಲು ತೆರೆದು ಹಿಡಿದರು. ಕಾಕಿ ಸೆರಗು ಹೊದ್ದು, ಪಂಚಮಿಯ ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಚಕ್ಕಡಿ ಖಾಲಿಯಾಗಿ ಹಿಂದೆ ಬಂದಿತು.

ಈಗಲೂ ಕಾಕಿ ಸೋಮವಾರ ತಪ್ಪಿಸುವುದಿಲ್ಲ. ಮಂಗಳವಾರ ಬೆಳಿಗ್ಗೆ ಆಕೆ ಏಳುವ ಮೊದಲು, ಕಾಕಾ ಉಸುಕಿನ ಕಾಗದ ಹಿಡಿದುಕೊಂಡು ಸದ್ದಿಲ್ಲದೆ ಮೋಟಾರಿನ ಎಡಗಡೆಗೆ ಹೋಗುತ್ತಾರೆ.

ಈ ಬರಹದಲ್ಲಿ ಕಂಡ ತಪ್ಪುಗಳನ್ನು ತಾವು ದಯಮಾಡಿ ತಿದ್ದಿಕೊಂಡು ಓದಬೇಕಾಗಿ ವಿನಂತಿ.